ಕಡಲ ಮೇಲಿನ ಹಕ್ಕು: ಸಣ್ಣ ಮೀನುಗಾರರ ಬದುಕು, ನಮ್ಮ ಹೊಣೆ

ಪ್ರತಿ ವರ್ಷ ನವೆಂಬರ್ 21ರಂದು ವಿಶ್ವ ಮೀನುಗಾರಿಕಾ ದಿನವನ್ನು ಆಚರಿಸಲಾಗುತ್ತದೆ. ಇದು ಯಾವುದೋ ಸರ್ಕಾರವೋ ದೊಡ್ಡ ಸಂಸ್ಥೆಯೋ ಗೊತ್ತುಮಾಡಿದ ದಿನವಲ್ಲ. 1997ರ ನವೆಂಬರಿನಲ್ಲಿ ಹಲವು ದೇಶಗಳ ಮೀನುಗಾರರ ಪ್ರತಿನಿಧಿಗಳು ನಮ್ಮ ದೆಹಲಿಯಲ್ಲಿ ಕಲೆತು, ತಮ್ಮದೇ ಆದ ಜಾಗತಿಕ ಸಂಘಟನೆಯೊಂದನ್ನು ಕಟ್ಟಿಕೊಂಡ ನೆನಪಿನ ದಿನವಿದು. ಆ ಸಂಘಟನೆಯ ಸಂಚಾಲಕರಾಗಿ ಆಯ್ಕೆಯಾದವರು ಕೇರಳದ ಕಥೋಲಿಕ ಗುರು, ರಿಡೆಂಪ್ಟರಿಸ್ಟ್ ಸಭೆಯ ಫಾದರ್ ಥಾಮಸ್ ಕೋಚೇರಿ. ಇಂದು ವ್ಯಾಟಿಕನ್ನಿನಿಂದಲೂ ಈ ದಿನದಂದು ಸಂದೇಶ ಹೊರಡುವುದು ವಾಡಿಕೆಯಾಗಿದೆ.

ಪ್ರಭು ಯೇಸು ತಮ್ಮ ಮೊದಲ ಶಿಷ್ಯರನ್ನು ಆರಿಸಿಕೊಂಡದ್ದು ಬಲೆ ತೊಳೆಯುತ್ತಿದ್ದವರ ನಡುವಿನಿಂದ. ರಾತ್ರಿಯಿಡೀ ದುಡಿದೂ ಬರಿಗೈಯಲ್ಲಿ ದಡಕ್ಕೆ ಬಂದವರ ಬೇಸರವನ್ನು ಶುಭಸಂದೇಶ ಮರೆಯದೆ ದಾಖಲಿಸಿದೆ. ಸಂತ ಪೇತ್ರರ ದೋಣಿಯೆಂದರೆ ಧರ್ಮಸಭೆಯೇ ಎಂದು ನಾವು ಶತಮಾನಗಳಿಂದ ಹೇಳಿಕೊಂಡು ಬಂದಿದ್ದೇವೆ. ಆದರೆ ಇಂದಿನ ಪೇತ್ರ, ಅಂದ್ರೆಯರ ದೋಣಿಗೆ ಏನಾಗಿದೆ, ಅವರ ಬಲೆಗೆ ಮೀನೇಕೆ ಬೀಳುತ್ತಿಲ್ಲ, ಕಡಲಿನ ಕಾನೂನನ್ನು ಯಾರು ಬರೆಯುತ್ತಿದ್ದಾರೆ ಎಂಬ ಪ್ರಶ್ನೆಗಳನ್ನು ನಮ್ಮ ಕುಟುಂಬಗಳಲ್ಲಿ ಕೇಳಿಕೊಳ್ಳುವುದು ವಿರಳ. ಶುಕ್ರವಾರದ ಊಟಕ್ಕೆ ಮೀನು ತರುವ ಮನೆಗಳಲ್ಲಿ ಈ ಪ್ರಶ್ನೆಗಳೂ ಏಳಬೇಡವೇ?

ಸಣ್ಣದು ಎಷ್ಟು ದೊಡ್ಡದು?

ಸಣ್ಣ ಪ್ರಮಾಣದ ಮೀನುಗಾರಿಕೆ ಎಂದೊಡನೆ ಅದು ಅಳಿದುಳಿದ ಹಳೆಯ ಕಸುಬು, ಕಾಲಕ್ರಮದಲ್ಲಿ ತಾನಾಗಿಯೇ ಮರೆಯಾಗುವಂಥದ್ದು ಎಂದು ಭಾವಿಸುವವರಿದ್ದಾರೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಕಡಲು, ನದಿ, ಕೆರೆಗಳಿಂದ ಹಿಡಿಯುವ ಒಟ್ಟು ಮೀನಿನಲ್ಲಿ ಕನಿಷ್ಠ ಶೇಕಡ 40 ಭಾಗ ಸಣ್ಣ ಮೀನುಗಾರರದು. ಮೀನು ಹಿಡಿಯುವ ಮತ್ತು ಅದಕ್ಕೆ ಹೊಂದಿಕೊಂಡ ಉದ್ಯೋಗಗಳಲ್ಲಿ ತೊಡಗಿದವರ ಪೈಕಿ ಶೇಕಡ 90 ಮಂದಿ ಇದೇ ವಲಯದವರು. ಒಂದಲ್ಲ ಒಂದು ಬಗೆಯಲ್ಲಿ ಇದನ್ನು ನೆಚ್ಚಿಕೊಂಡ ಜನರ ಸಂಖ್ಯೆ ಸುಮಾರು 49 ಕೋಟಿ. ದುಡಿಯುವ ಹತ್ತು ಮಂದಿಯಲ್ಲಿ ನಾಲ್ವರು ಮಹಿಳೆಯರು.

ಇದರ ಹಿರಿಮೆ ಬರಿಯ ಸಂಖ್ಯೆಯದಲ್ಲ. ದೊಡ್ಡ ಹಡಗು ಹಿಡಿದ ಮೀನು ಬಹುಪಾಲು ದೂರದ ಮಾರುಕಟ್ಟೆಗೋ, ಮೀನಿನ ಹಿಟ್ಟಿನ ಕಾರ್ಖಾನೆಗೋ ಹೋಗುತ್ತದೆ. ಸಣ್ಣ ದೋಣಿಯ ಮೀನು ಹೆಚ್ಚಾಗಿ ಹತ್ತಿರದ ಊರುಗಳ ಅಡುಗೆಮನೆಗೇ ಬರುತ್ತದೆ. ಬಡವರ ಊಟದೊಳಗಿನ ಸತ್ವವೆಂದರೆ ಬೂತಾಯಿ, ಬಂಗುಡೆಗಳಂಥ ಅಗ್ಗದ ಮೀನುಗಳೇ. ಆದುದರಿಂದ ಸುಸ್ಥಿರ ಅಭಿವೃದ್ಧಿಯ ಮಾತನಾಡುವವರು ಸಣ್ಣ ಮೀನುಗಾರನನ್ನು ಬದಿಗಿಟ್ಟು ಮುಂದುವರಿಯುವಂತಿಲ್ಲ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳ ಪೈಕಿ ಹದಿನಾಲ್ಕನೆಯದು ಸಮುದ್ರಕ್ಕೆ ಸಂಬಂಧಿಸಿದ್ದು. ಸಣ್ಣ ಮೀನುಗಾರರಿಗೆ ಕಡಲ ಸಂಪತ್ತೂ ಮಾರುಕಟ್ಟೆಯೂ ಎಟಕುವಂತಾಗಬೇಕೆಂಬುದು ಅದರಲ್ಲಿ ಸ್ಪಷ್ಟವಾಗಿ ಸೇರಿದೆ.

ನೀಂಡಕರೆಯ ಪಾಠ

ಅಭಿವೃದ್ಧಿ ಎಂಬ ಒಳ್ಳೆಯ ಉದ್ದೇಶವೂ ಹೇಗೆ ತಿರುವುಮುರುವಾಗಬಲ್ಲದು ಎಂಬುದಕ್ಕೆ ನೆರೆಯ ಕೇರಳದ ಕೊಲ್ಲಂ ಸಮೀಪದ ಶಕ್ತಿಕುಳಂಗರ, ನೀಂಡಕರೆ ಊರುಗಳು ಸಾಕ್ಷಿ. ಭಾರತ, ನಾರ್ವೆ ಹಾಗೂ ವಿಶ್ವಸಂಸ್ಥೆಗಳ ನಡುವೆ 1952ರಲ್ಲಿ ಒಪ್ಪಂದವಾಗಿ, ಮರುವರ್ಷ ಇಲ್ಲಿ ಯೋಜನೆಯೊಂದು ಆರಂಭವಾಯಿತು. ಮೀನುಗಾರರ ಆದಾಯವನ್ನು ಹೆಚ್ಚಿಸುವುದು, ತಾಜಾ ಮೀನು ಜನರಿಗೆ ದೊರೆಯುವಂತೆ ಮಾಡುವುದು, ಊರಿನ ಆರೋಗ್ಯವನ್ನು ಸುಧಾರಿಸುವುದು ಇದರ ಗುರಿಗಳಾಗಿದ್ದವು. ಯಂತ್ರದ ದೋಣಿಗಳು ಬಂದವು, ಮಂಜುಗಡ್ಡೆಯ ಕಾರ್ಖಾನೆ ಬಂತು, ಆರೋಗ್ಯ ಕೇಂದ್ರವೂ ಕುಡಿಯುವ ನೀರಿನ ವ್ಯವಸ್ಥೆಯೂ ಬಂದವು. ಇವೆಲ್ಲ ನಿಜವಾದ ಉಪಕಾರಗಳೇ.

ಅಷ್ಟರಲ್ಲಿ ಸೀಗಡಿಗೆ ಅಮೆರಿಕ, ಜಪಾನುಗಳಲ್ಲಿ ಬೇಡಿಕೆ ಹುಟ್ಟಿತು. ಊರಿನವರ ಊಟದ ಮೀನಿನ ಬದಲು ಹೊರದೇಶದ ಹಣ ತರುವ ಸೀಗಡಿಯೇ ಗುರಿಯಾಯಿತು. ಸೀಗಡಿ ಇರುವುದು ಕಡಲ ತಳದಲ್ಲಿ. ಅದನ್ನು ಹಿಡಿಯಲು ಜೋಳಿಗೆಯಂತಹ ಬಲೆಯನ್ನು ತಳಕ್ಕೆ ತಾಗಿಸಿ ಎಳೆದೊಯ್ಯುವ ಟ್ರಾಲ್ ಬೋಟುಗಳು ಹೆಚ್ಚಿದವು. ಮೀನುಗಾರಿಕೆಗೆ ಎಂದೂ ಸಂಬಂಧವಿರದ ಹಣವಂತರೂ ಬೋಟು ಕೊಂಡು ಬಾಡಿಗೆ ಆಳುಗಳನ್ನಿಟ್ಟು ಲಾಭ ಎಣಿಸತೊಡಗಿದರು. ಆ ಬಲೆಗೆ ಸೀಗಡಿಯೊಂದಿಗೆ ಮರಿಮೀನೂ ಬೀಳುತ್ತಿತ್ತು, ಮೊಟ್ಟೆಯಿಡುವ ನೆಲೆಯೂ ಕೆರೆದುಹೋಗುತ್ತಿತ್ತು. ಕಟ್ಟುಮರ, ವಳ್ಳಂಗಳಲ್ಲಿ ದಡದ ಬಳಿ ಮೀನು ಹಿಡಿಯುತ್ತಿದ್ದವರ ಬಲೆಗಳನ್ನು ಬೋಟುಗಳು ಹರಿದುಕೊಂಡು ಹೋದ ಪ್ರಸಂಗಗಳಿಗೆ ಲೆಕ್ಕವಿಲ್ಲ. 1970ರ ದಶಕದಲ್ಲಿ ಕೇರಳ, ಗೋವಾ, ತಮಿಳುನಾಡುಗಳ ತೀರಗಳಲ್ಲಿ ಹೊಡೆದಾಟಗಳಾದವು, ದೋಣಿಗಳು ಬೆಂಕಿಗೆ ಆಹುತಿಯಾದವು. ಇದರ ಪರಿಹಾರಕ್ಕೆಂದು ಕೇಂದ್ರ ಸರ್ಕಾರ 1976ರಲ್ಲಿ ಮಜುಂದಾರ್ ಸಮಿತಿಯನ್ನು ನೇಮಿಸಬೇಕಾಯಿತು. ಆ ಸಮಿತಿಯ ಕರಡನ್ನು ಆಧರಿಸಿ 1980ರಲ್ಲಿ ಕೇರಳ ಮತ್ತು ಗೋವಾ ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆಗಳನ್ನು ಮಾಡಿದವು. ಕರ್ನಾಟಕದ ಕಾಯಿದೆ 1986ರದು.

ರಂಪಣಿಯ ನೆನಪು

ನಮ್ಮ ಕರಾವಳಿಯ ಹಿರಿಯರಿಗೆ ಇದೇ ಕಥೆ ಬೇರೊಂದು ಹೆಸರಿನಲ್ಲಿ ಪರಿಚಿತ. ಕಾರವಾರದಿಂದ ಮಂಗಳೂರಿನವರೆಗೆ ರಂಪಣಿ ಬಲೆ ಊರೊಟ್ಟಿನ ಬಲೆಯಾಗಿತ್ತು. ಬಂಗುಡೆಯ ದಂಡು ದಡದ ಸಮೀಪಕ್ಕೆ ಬಂದಾಗ ದೋಣಿಯಲ್ಲಿ ಹೋಗಿ ಬಲೆ ಸುತ್ತಿ, ಎರಡು ತುದಿಗಳನ್ನೂ ದಡಕ್ಕೆ ತಂದು ಹತ್ತಾರು, ಕೆಲವೊಮ್ಮೆ ನೂರಾರು ಮಂದಿ ಎಳೆಯುತ್ತಿದ್ದರು. ಹಗ್ಗ ಹಿಡಿದ ಕೈಗೆಲ್ಲ ಪಾಲಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ದಡ ತಲುಪುವ ಮುನ್ನವೇ ಮೀನಿನ ದಂಡನ್ನು ಸುತ್ತುಗಟ್ಟಿ ಹಿಡಿಯತೊಡಗಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಇಂದು ಅಲ್ಲಲ್ಲಿ ಉಳಿದಿರುವ ಕೈರಂಪಣಿ ಆ ಕಾಲದ ನೆರಳು ಮಾತ್ರ.

ಗೋವೆಯಲ್ಲಿ ಇದೇ ಬಲೆಯವರನ್ನು ರಾಂಪೋಣ್ಕಾರರೆನ್ನುತ್ತಾರೆ. ಅವರನ್ನು ಸಂಘಟಿಸಿದವರು ಮತಾನಿ ಸಲ್ದಾನ್ಹ ಎಂಬ ಶಿಕ್ಷಕರು. ಮುಂದೆ ರಾಜಕಾರಣಕ್ಕೆ ಬಂದು ಸಚಿವರೂ ಆಗಿ, 2012ರಲ್ಲಿ ತೀರಿಕೊಂಡರು. 1978ರಲ್ಲಿ ಅವರ ಮುಂದಾಳುತನದಲ್ಲಿ ಹಲವು ರಾಜ್ಯಗಳ ಕಟ್ಟುಮರ ಹಾಗೂ ನಾಡದೋಣಿ ಮೀನುಗಾರರು ಒಂದಾಗಿ ರಾಷ್ಟ್ರಮಟ್ಟದ ವೇದಿಕೆಯನ್ನು ಕಟ್ಟಿದರು. ಅದೇ ಇಂದಿನ ರಾಷ್ಟ್ರೀಯ ಮೀನು ಕಾರ್ಮಿಕರ ವೇದಿಕೆ.

ಹೆಸರು ಬಿಟ್ಟು ಬಲ ಪಡೆದ ಸಂಘಟನೆ

ಕೇರಳದ ದಕ್ಷಿಣ ತೀರದ ಮೀನುಗಾರರಲ್ಲಿ ಬಹುಮಂದಿ ಲತೀನ್ ಕಥೋಲಿಕರು. ಹೀಗಾಗಿ 1977ರಲ್ಲಿ ಅಲ್ಲಿ ಹುಟ್ಟಿದ ಮೊದಲ ಸಂಘಟನೆ ತನ್ನ ಹೆಸರಿನಲ್ಲಿಯೇ ಲತೀನ್ ಕಥೋಲಿಕ ಎಂಬ ಪದಗಳನ್ನು ಇಟ್ಟುಕೊಂಡಿತ್ತು. ಆದರೆ ಕಡಲಿನಲ್ಲಿ ಹಿಂದೂ ಅರಯರೂ ಮುಸ್ಲಿಂ ಮೀನುಗಾರರೂ ಅದೇ ಸಂಕಟವನ್ನು ಅನುಭವಿಸುತ್ತಿದ್ದರು. ಬರಿದಾದ ಬಲೆಗೆ ಜಾತಿ ಮತಗಳ ಭೇದವುಂಟೇ? 1980ರ ಹೊತ್ತಿಗೆ ಸಂಘಟನೆ ಆ ಹೆಸರನ್ನು ಕೈಬಿಟ್ಟು, ಕೇರಳ ಸ್ವತಂತ್ರ ಮತ್ಸ್ಯ ತೊಳಿಲಾಳಿ ಫೆಡರೇಶನ್ ಎಂದಾಯಿತು. ಹೆಸರನ್ನು ಬಿಟ್ಟುಕೊಟ್ಟದ್ದರಿಂದ ಅದರ ಬಲ ಕುಗ್ಗಲಿಲ್ಲ, ತೀರದುದ್ದಕ್ಕೂ ಹಬ್ಬಿತು.

ಅವರ ಬೇಡಿಕೆ ಸರಳವಾಗಿತ್ತು: ಮಳೆಗಾಲದಲ್ಲಿ, ಅಂದರೆ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಹೊತ್ತಿನಲ್ಲಿ, ಟ್ರಾಲ್ ಬೋಟುಗಳು ಕಡಲಿಗಿಳಿಯಬಾರದು. ಬೋಟಿನವರ ವಾದಕ್ಕೂ ಆಧಾರವಿಲ್ಲದಿರಲಿಲ್ಲ. ಕರಿಕ್ಕಾಡಿ ಎಂಬ ಸೀಗಡಿ ನೀಂಡಕರೆಯ ಬಳಿ ಹೇರಳವಾಗಿ ಸಿಗುವುದೇ ಮಳೆಗಾಲದಲ್ಲಿ. ಆಗ ನಿಷೇಧಿಸಿದರೆ ರಫ್ತೂ ಸಾವಿರಾರು ಕೂಲಿಗಳ ದುಡಿಮೆಯೂ ಹಾಳೆಂದು ಅವರು ಹೇಳಿದರು. 1981ರಲ್ಲಿ ಸರ್ಕಾರ ನಿಷೇಧ ಹೇರಿ, ಒತ್ತಡಕ್ಕೆ ಮಣಿದು ನೀಂಡಕರೆಗೆ ವಿನಾಯಿತಿ ಕೊಟ್ಟಿತು. ಫಾದರ್ ಕೋಚೇರಿ ಉಪವಾಸ ಕುಳಿತರು. 1984ರ ಚಳವಳಿಯಲ್ಲಿ ಧರ್ಮಭಗಿನಿ ಆಲಿಸ್ ಕೋಳಿಕ್ಕೋಡಿನಲ್ಲಿ ಉಪವಾಸ ಕೈಗೊಂಡರು. ಧರ್ಮಭಗಿನಿಯೊಬ್ಬರು ಮೀನುಗಾರರ ಪರವಾಗಿ ಬೀದಿಯಲ್ಲಿ ಕುಳಿತದ್ದು ಅಂದಿನ ಕೇರಳವನ್ನು ಬೆಚ್ಚಿಬೀಳಿಸಿತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಈ ಹೋರಾಟ ಧರ್ಮಸಭೆಯ ಹೊರಗಿನವರೊಡನೆ ಮಾತ್ರ ನಡೆದುದಲ್ಲ. ಶಕ್ತಿಕುಳಂಗರದ ಬೋಟು ಮಾಲೀಕರಲ್ಲಿಯೂ ಅನೇಕರು ಕಥೋಲಿಕರೇ. ಬೋಟು ಇದ್ದವನೂ ಕಟ್ಟುಮರದವನೂ ಒಂದೇ ದೇವಾಲಯದ ಬಲಿಪೂಜೆಯಲ್ಲಿ ಮೊಣಕಾಲೂರುತ್ತಿದ್ದರು. ಗುರುಗಳೂ ಭಗಿನಿಯರೂ ಸತ್ಯಾಗ್ರಹಕ್ಕಿಳಿಯುವುದು ಸರಿಯೇ ಎಂಬ ಬಗ್ಗೆ ಧರ್ಮಾಧ್ಯಕ್ಷರಲ್ಲಿಯೂ ಭಿನ್ನಾಭಿಪ್ರಾಯವಿತ್ತು. ಬಡವರ ಪರ ನಿಲ್ಲುವುದೆಂದರೆ ನೆರೆಯವನ ಮುನಿಸನ್ನು ಕಟ್ಟಿಕೊಳ್ಳುವುದೂ ಆಗಿರುತ್ತದೆ ಎಂಬುದನ್ನು ಆ ಧರ್ಮಕೇಂದ್ರಗಳು ಅಂದು ಅನುಭವಿಸಿದವು.

ಕೊನೆಗೆ ವಿಜ್ಞಾನಿ ಬಾಲಕೃಷ್ಣನ್ ನಾಯರ್ ಅವರ ನೇತೃತ್ವದ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 1980ರ ದಶಕದ ಕೊನೆಯಲ್ಲಿ ಮೊದಲ ಬಾರಿಗೆ ಮಳೆಗಾಲದಲ್ಲಿ ರಾಜ್ಯದಾದ್ಯಂತ ಟ್ರಾಲಿಂಗ್ ನಿಂತಿತು. ಮಾಲೀಕರು ನ್ಯಾಯಾಲಯಗಳ ಮೆಟ್ಟಿಲೇರಿದರೂ, 1990ರ ದಶಕದಲ್ಲಿ ಸರ್ವೋಚ್ಚ ನ್ಯಾಯಾಲಯ ಹೀಗೆ ನಿಷೇಧಿಸುವ ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು. ಇದಕ್ಕೂ ಮೊದಲೇ, 1984ರ ಚಳವಳಿಯ ಮರುವರ್ಷ, ಕೇರಳದಲ್ಲಿ ಮೀನುಗಾರರ ಕಲ್ಯಾಣ ನಿಧಿಯ ಕಾಯಿದೆಯೂ ಬಂದಿತ್ತು.

ದೇಶದ ನೀತಿಯ ಮೇಲೂ ಈ ಚಳವಳಿ ತನ್ನ ಮುದ್ರೆಯೊತ್ತಿತು. 1991ರಲ್ಲಿ ಆಳಸಮುದ್ರದ ಮೀನುಗಾರಿಕೆಯನ್ನು ವಿದೇಶಿ ಹಡಗುಗಳೊಂದಿಗಿನ ಜಂಟಿ ಉದ್ಯಮಗಳಿಗೆ ತೆರೆದಾಗ, ನಾಡದೋಣಿಯವರೂ ಬೋಟಿನವರೂ ಹಳೆಯ ಹಗೆಯನ್ನು ಬದಿಗಿಟ್ಟು ಒಂದಾದರು. 1994ರಲ್ಲಿ ದೇಶವ್ಯಾಪಿ ಮುಷ್ಕರಗಳಾದವು. 1995ರಲ್ಲಿ ಫಾದರ್ ಕೋಚೇರಿ ಪೋರಬಂದರಿನಲ್ಲಿ ಉಪವಾಸ ಕೈಗೊಂಡರು. ಆ ಬಳಿಕ ನೇಮಕವಾದ ಮುರಾರಿ ಸಮಿತಿ 1996ರಲ್ಲಿ ಆ ಪರವಾನಗಿಗಳನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತು.

ಹರಾಜಿನ ಕಟ್ಟೆಯಲ್ಲೊಂದು ಕ್ರಾಂತಿ

ಸತ್ಯಾಗ್ರಹವೊಂದೇ ದಾರಿಯಲ್ಲ. ತಿರುವನಂತಪುರದ ಉತ್ತರಕ್ಕೆ ಮರಿಯನಾಡು ಎಂಬ ಊರಿದೆ. ಅಂದಿನ ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೈರಾ ಅವರ ಆಸಕ್ತಿಯಿಂದ 1960ರ ದಶಕದಲ್ಲಿ ಬಡ ಮೀನುಗಾರ ಕುಟುಂಬಗಳು ಅಲ್ಲಿ ನೆಲೆಯೂರಿದವು. ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆ ಬೆಂಬಲವಾಗಿ ನಿಂತಿತು. ಅಲ್ಲಿನ ಜನ ಗುರುತಿಸಿದ ಮೊದಲ ಶತ್ರು ಕಡಲಲ್ಲ, ಸಾಲ. ಬಲೆಗೂ ದೋಣಿಗೂ ದಲ್ಲಾಳಿಯಿಂದ ಮುಂಗಡ ಪಡೆದವನು ತನ್ನ ಮೀನನ್ನು ಅವನ ಮೂಲಕವೇ, ಅವನು ಹೇಳಿದ ದರಕ್ಕೇ ಮಾರಬೇಕಾಗಿತ್ತು. ಸಾಲ ತೀರುವುದು ದಲ್ಲಾಳಿಗೂ ಬೇಕಿರಲಿಲ್ಲ.

ಮೀನುಗಾರರು ತಮ್ಮದೇ ಸಹಕಾರ ಸಂಘ ಕಟ್ಟಿ ಹರಾಜನ್ನು ತಾವೇ ನಡೆಸತೊಡಗಿದರು. ಮೀನು ದಡಕ್ಕೆ ಬಂದೊಡನೆ ಸಂಘವೇ ಹರಾಜು ಕೂಗುವುದು. ಬಂದ ಹಣದಲ್ಲಿ ಒಂದು ಪಾಲು ಸಾಲದ ಕಂತಿಗೆ, ಒಂದು ಪಾಲು ಮನೆಯ ಉಳಿತಾಯಕ್ಕೆ, ಒಂದು ಪಾಲು ಸಂಘದ ಖರ್ಚಿಗೆ ಹಿಡಿದು ಉಳಿದುದನ್ನು ಮೀನುಗಾರನಿಗೆ ಕೊಡುವುದು. ಮೀನು ಹೆಚ್ಚು ಬಿದ್ದ ದಿನ ಕಂತೂ ಹೆಚ್ಚು. ಬಲೆ ಬರಿದಾದ ದಿನ ಕಂತಿಲ್ಲ. ತಿಂಗಳ ಸಂಬಳದ ಲೆಕ್ಕದಲ್ಲಿ ಸಾಲ ಕೊಡುವ ಬ್ಯಾಂಕುಗಳಿಗೆ ಹೊಳೆಯದ ಈ ಏರ್ಪಾಡು ಕಡಲಿನ ಏರಿಳಿತಕ್ಕೆ ಸರಿಹೊಂದಿತು. ಊರಿಂದ ಊರಿಗೆ ಹಬ್ಬಿದ ಇಂತಹ ಸಂಘಗಳ ಒಕ್ಕೂಟವೇ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ. ಮರದ ದಿಮ್ಮಿಗಳ ಅಭಾವವಾದಾಗ ಪ್ಲೈವುಡ್ ದೋಣಿಗಳನ್ನು ತಯಾರಿಸಿ ಕೊಟ್ಟದ್ದೂ ಇದೇ ಒಕ್ಕೂಟ. ಆಡಳಿತವೆಂದರೆ ದೂರದ ಕಚೇರಿಯಿಂದ ಬರುವ ಆಜ್ಞೆ ಮಾತ್ರವಲ್ಲ, ಹರಾಜಿನ ಕಟ್ಟೆಯಲ್ಲಿ ತಕ್ಕಡಿ ಯಾರ ಕೈಯಲ್ಲಿದೆ ಎಂಬುದೂ ಹೌದು ಎಂಬುದನ್ನು ಮರಿಯನಾಡು ತೋರಿಸಿಕೊಟ್ಟಿತು.

ಬುಟ್ಟಿ ಹೊತ್ತ ತಾಯಂದಿರು

ಮೀನುಗಾರಿಕೆ ಎಂದಾಗ ನಮ್ಮ ಕಣ್ಣಿಗೆ ಬರುವುದು ದೋಣಿಯ ಗಂಡಸು. ದಡದ ಮೇಲಿನ ಹೆಂಗಸು ಲೆಕ್ಕಕ್ಕೆ ಸಿಗುವುದಿಲ್ಲ. ಗಂಡ ತಂದ ಮೀನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಿ, ಸಂಜೆಗೆ ಅಕ್ಕಿ ತಂದು ಮಕ್ಕಳನ್ನು ಶಾಲೆಗೆ ಕಳುಹಿಸಿದವಳು ಅವಳು. ತಿರುವನಂತಪುರದಲ್ಲಿ ಇಂತಹ ಮಹಿಳೆಯರನ್ನು ಬುಟ್ಟಿಯ ನಾತದ ನೆಪದಲ್ಲಿ ಬಸ್ಸಿಗೆ ಹತ್ತಿಸಿಕೊಳ್ಳದಿದ್ದಾಗ, ಅವರು ಸಂಘಟಿತರಾಗಿ ಹೋರಾಡಿ ತಮಗಾಗಿಯೇ ವಿಶೇಷ ಬಸ್ಸಿನ ವ್ಯವಸ್ಥೆಯನ್ನು ಪಡೆದರು. ನಳಿನಿ ನಾಯಕ್ ಅವರಂತಹ ಕಾರ್ಯಕರ್ತೆಯರು ಈ ಮಹಿಳೆಯರೊಂದಿಗೆ ದಶಕಗಳ ಕಾಲ ದುಡಿದಿದ್ದಾರೆ.

ದೊಡ್ಡ ಬಂದರುಗಳು ಬಂದಂತೆಲ್ಲ ಊರ ದಡದ ಹರಾಜು ಬಂದರಿನ ದಕ್ಕೆಗೆ ಸರಿಯುತ್ತದೆ. ಅಲ್ಲಿ ಲಾರಿ ತುಂಬುವ ವ್ಯಾಪಾರಿಯ ಎದುರು ಒಂದು ಬುಟ್ಟಿಯ ಹೆಂಗಸು ನಿಲ್ಲಲಾರಳು. ಬಂದರು ಕಟ್ಟುವಾಗ ಅವಳಿಗೊಂದು ನೆರಳು, ನೀರು, ಶೌಚಾಲಯ, ಮೀನು ಕೊಳ್ಳುವ ಸರದಿಯಲ್ಲಿ ಒಂದು ಜಾಗ ಇವೆಯೇ ಎಂದು ಕೇಳುವವರು ಯಾರು?

ನಿಯಮ ಯಾರದು, ಮೀನು ಯಾರದು?

ನಮ್ಮ ಸಂವಿಧಾನದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ವಿಷಯ. ಅಲ್ಲಿಂದ 200 ಮೈಲಿಯವರೆಗಿನದು ಕೇಂದ್ರದ್ದು. ಮೀನಿಗೆ ಈ ಗಡಿ ತಿಳಿಯದು. ಕರ್ನಾಟಕದಲ್ಲಿ ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ. ಕೇರಳದಲ್ಲಿ 2018ರಿಂದ ಟ್ರಾಲಿಂಗಿಗೆ 52 ದಿನಗಳ ರಜೆ, ಅದು ಆರಂಭವಾಗುವುದೇ ಜೂನ್ ಎರಡನೆಯ ವಾರದಲ್ಲಿ. ಒಂದೇ ಕಡಲು, ಒಂದೇ ಬಂಗುಡೆ, ಎರಡು ಪಂಚಾಂಗ!

ಹಾಗೆಂದು ಸಣ್ಣವರೆಲ್ಲ ಸದಾ ನಿರ್ದೋಷಿಗಳು ಎನ್ನುವಂತೆಯೂ ಇಲ್ಲ. ಟ್ರಾಲ್ ಬೋಟಿನ ಪೈಪೋಟಿಗೆ ಉತ್ತರವಾಗಿ 1980ರ ದಶಕದಲ್ಲಿ ಕೇರಳದ ನಾಡದೋಣಿಗಳಿಗೆ ಯಂತ್ರ ಬಂತು, ಬಳಿಕ ರಿಂಗ್‌ಸೀನ್ ಬಲೆ ಬಂತು. ದೋಣಿ ಉದ್ದವಾಯಿತು, ಯಂತ್ರದ ಶಕ್ತಿ ಹೆಚ್ಚಿತು, ಬಲೆಯ ಕಣ್ಣು ಕಿರಿದಾಯಿತು. ಸಾಂಪ್ರದಾಯಿಕ ಎಂಬ ಹೆಸರನ್ನು ಹೊತ್ತ ಕೆಲವು ದೋಣಿಗಳು ಇಂದು ಹಳೆಯ ಟ್ರಾಲ್ ಬೋಟನ್ನೂ ಮೀರಿಸುತ್ತವೆ. ಅದಕ್ಕೆ ಸಾಲವೂ ಅಷ್ಟೇ ದೊಡ್ಡದು. ಸಾಲ ತೀರಿಸಲು ಮರಿಮೀನನ್ನೂ ಬಿಡುವಂತಿಲ್ಲ. ನಮ್ಮ ಕಡೆಯೂ ರಾತ್ರಿಯಲ್ಲಿ ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟುಗಳು ಒಂದೇ ಬಲೆಯನ್ನೆಳೆಯುವ ಬುಲ್ ಟ್ರಾಲಿಂಗ್ ದೊಡ್ಡ ತಕರಾರುಗಳಾಗಿವೆ. ದೀಪದ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆದರೆ ಕಾಗದದ ಮೇಲಿನ ನಿಷೇಧವನ್ನು ರಾತ್ರಿಯ ಕಡಲಿನಲ್ಲಿ ಜಾರಿಗೊಳಿಸುವುದು ಸುಲಭವಲ್ಲ.

ಪರಿಣಾಮವೇನಾಗಬಹುದು ಎಂಬುದಕ್ಕೆ ಬೂತಾಯಿಯೇ ಎಚ್ಚರಿಕೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಆಮೇಲೆ ಮೀನು ಮರಳಿತಾದರೂ ನಡುವಣ ವರ್ಷಗಳಲ್ಲಿ ಬಡವರ ತಟ್ಟೆಯಿಂದ ಮತ್ತಿ ಮಾಯವಾಗಿತ್ತು. ಕಡಲಿನ ಬಿಸಿ ಮತ್ತು ಹವಾಮಾನದ ಏರುಪೇರು ಇದಕ್ಕೆ ಒಂದು ಕಾರಣವಾದರೆ, ಮರಿಗಳನ್ನೂ ಬಿಡದೆ ಬಾಚಿದ್ದು ಇನ್ನೊಂದು. ಹವಾಮಾನ ನಮ್ಮ ಕೈಯಲ್ಲಿಲ್ಲ, ಬಲೆಯ ಕಣ್ಣು ಇದೆ.

ಕೇರಳ ಈ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿದೆ. 2015ರಲ್ಲಿ 14 ಜಾತಿಯ ಮೀನುಗಳಿಗೆ, 2017ರಲ್ಲಿ ಮತ್ತೆ 44 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಅದು ಗೊತ್ತುಪಡಿಸಿತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಆಗದೆ ಹಿಡಿಯುವಂತಿಲ್ಲ. ಊರು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳಲ್ಲಿ ಮೀನುಗಾರರೂ ಸೇರಿದ ಮೇಲ್ವಿಚಾರಣಾ ಮಂಡಳಿಗಳ ಕಲ್ಪನೆಯೂ ಅಲ್ಲಿನ ಕಾನೂನಿಗೆ ಬಂದಿದೆ. ಇದೇ ಮುಖ್ಯವಾದ ಮಾತು. ಕಾವಲುಗಾರನ ಭಯದಿಂದ ಪಾಲಿಸುವ ನಿಯಮ ಕಾವಲುಗಾರ ಮರೆಯಾದೊಡನೆ ಮುರಿಯುತ್ತದೆ. ತಾನೇ ಕೂತು ಮಾಡಿದ ನಿಯಮವನ್ನು ಮನುಷ್ಯ ಮುರಿಯಲು ಹಿಂಜರಿಯುತ್ತಾನೆ.

ಬಿರುಗಾಳಿ, ನೆರೆ ಮತ್ತು ಬಂದರು

2017ರ ನವೆಂಬರ್ ಕೊನೆಯ ಓಖಿ ಚಂಡಮಾರುತವನ್ನು ತಿರುವನಂತಪುರ, ಕನ್ಯಾಕುಮಾರಿಗಳ ಧರ್ಮಕೇಂದ್ರಗಳು ಇನ್ನೂ ಮರೆತಿಲ್ಲ. ಮುನ್ಸೂಚನೆ ತಲುಪುವ ಹೊತ್ತಿಗೆ ಬಹುಮಂದಿ ಆಗಲೇ ಕಡಲಲ್ಲಿದ್ದರು. ಪೂಂತುರ, ವಿಳಿಞ್ಞಂ, ತೂತ್ತೂರು ಮೊದಲಾದ ಊರುಗಳಲ್ಲಿ ಕ್ರಿಸ್ತಜಯಂತಿಯ ಸಂಭ್ರಮದ ಬದಲು ಶೋಕ ನೆಲಸಿತು. ನೂರಾರು ಮಂದಿ ಹಿಂದಿರುಗಲಿಲ್ಲ. ಅದಾಗಿ ಒಂಬತ್ತು ತಿಂಗಳಿಗೆ, 2018ರ ಆಗಸ್ಟಿನಲ್ಲಿ, ಕೇರಳ ನೆರೆಯಲ್ಲಿ ಮುಳುಗಿದಾಗ, ಇದೇ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಧಾವಿಸಿದರು. ಸುಮಾರು 65,000 ಜನರನ್ನು ಅವರು ಪಾರುಮಾಡಿದರೆಂದು ಲೆಕ್ಕ. ಸರ್ಕಾರ ಅವರನ್ನು ರಾಜ್ಯದ ಸೇನೆಯೆಂದು ಕೊಂಡಾಡಿತು.

ಹೊಗಳಿಕೆಯಿಂದ ಮನೆ ನಿಲ್ಲುವುದಿಲ್ಲ. ತೀರ ಕೊರೆದು ಮನೆ ಕಳೆದುಕೊಂಡ ಕುಟುಂಬಗಳು ವರ್ಷಗಟ್ಟಲೆ ಪರಿಹಾರ ಶಿಬಿರಗಳಲ್ಲಿ ಕಳೆದವು. 2022ರಲ್ಲಿ ವಿಳಿಞ್ಞಂ ಬಂದರಿನ ಎದುರು ತಿರುವನಂತಪುರದ ಲತೀನ್ ಮಹಾಧರ್ಮಪ್ರಾಂತ್ಯದ ಮುಂದಾಳುತನದಲ್ಲಿ ನಡೆದ ದೀರ್ಘ ಸತ್ಯಾಗ್ರಹ ಡಿಸೆಂಬರ್ 6ರಂದು ಕೊನೆಗೊಂಡಿತು. ಬಂದರು ಬೇಕೆನ್ನುವವರೂ ಬೇಡವೆನ್ನುವವರೂ ಇದ್ದರು. ನಡುವೆ ಹಿಂಸೆಯೂ ನಡೆದು ಎಲ್ಲರ ಮನಸ್ಸು ನೊಂದಿತು. 2025ರ ಮೇ 2ರಂದು ಬಂದರು ಅಧಿಕೃತವಾಗಿ ಉದ್ಘಾಟನೆಯಾಯಿತು. ಬಂದರಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ತೀರದ ಮೇಲೆ ಏನು ಬರಬೇಕೆಂಬ ನಿರ್ಧಾರದ ಮೇಜಿನ ಬಳಿ ತೀರದವರಿಗೊಂದು ಪೀಠವಿರಬೇಕು ಎಂಬುದನ್ನು ಅಲ್ಲಗಳೆಯಲಾದೀತೇ?

ಜಗತ್ತು ಒಪ್ಪಿದ ಮಾತು

2014ರ ಜೂನಿನಲ್ಲಿ ರೋಮಿನಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ ಸಣ್ಣ ಪ್ರಮಾಣದ ಮೀನುಗಾರಿಕೆಗೆಂದೇ ಮಾರ್ಗಸೂಚಿಗಳನ್ನು ಅಂಗೀಕರಿಸಿತು. ಕಡಲು ಮತ್ತು ತೀರದ ಮೇಲಿನ ವಾಡಿಕೆಯ ಹಕ್ಕು, ಗೌರವಯುತ ದುಡಿಮೆ, ಮಹಿಳೆಯರ ಸಮಾನತೆ, ನ್ಯಾಯವಾದ ಬೆಲೆ, ಪ್ರಕೃತಿ ವಿಕೋಪಗಳಿಂದ ರಕ್ಷಣೆ ಇವೆಲ್ಲ ಅದರಲ್ಲಿವೆ. ಇವು ಸ್ವಯಂಪ್ರೇರಿತ ಮಾರ್ಗಸೂಚಿಗಳಾದ್ದರಿಂದ ಯಾವ ಸರ್ಕಾರವನ್ನೂ ಕಟ್ಟಿಹಾಕಲಾರವು; ಆದರೆ ಕೇಳುವವರ ಕೈಗೆ ಒಂದು ಆಧಾರವನ್ನು ಕೊಟ್ಟಿವೆ. ಇದರ ಹಿಂದೆ ಚೆನ್ನೈನ ಚಂದ್ರಿಕಾ ಶರ್ಮ ಅವರ ವರ್ಷಗಳ ಶ್ರಮವಿತ್ತು. ಅವರು ಅಂತರರಾಷ್ಟ್ರೀಯ ಮೀನು ಕಾರ್ಮಿಕರ ಬೆಂಬಲ ಸಂಸ್ಥೆಯೊಂದರ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿದ್ದರು. ಮಾರ್ಗಸೂಚಿ ಅಂಗೀಕಾರವಾಗುವ ಮೂರು ತಿಂಗಳ ಮೊದಲು, 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾದ ವಿಮಾನದಲ್ಲಿ ಅವರಿದ್ದರು. ಮಾರ್ಗಸೂಚಿಗಳನ್ನು ಸಮಿತಿ ಅವರಿಗೆ ಅರ್ಪಿಸಿತು. ಅದೇ ವರ್ಷದ ಮೇ 3ರಂದು ಫಾದರ್ ಕೋಚೇರಿ ಅವರೂ ನಿಧನರಾದರು.

ಇನ್ನೊಂದೆಡೆ, ಮೀನುಗಾರಿಕೆಯ ಸಬ್ಸಿಡಿಗಳ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನಿನಲ್ಲಿ ಮಾಡಿದ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ದೂರದ ಕಡಲುಗಳನ್ನು ದಶಕಗಳ ಕಾಲ ಬಾಚಿದ ಶ್ರೀಮಂತ ದೇಶಗಳ ಹಡಗುಗಳಿಗೂ ನಮ್ಮ ನಾಡದೋಣಿಗೂ ಒಂದೇ ಅಳತೆಗೋಲು ಸಲ್ಲದು ಎಂಬುದು ಈ ಮಾತುಕತೆಗಳಲ್ಲಿ ಭಾರತದ ವಾದವಾಗಿದೆ. ಆ ವಾದ ನ್ಯಾಯವಾದುದೇ. ಆದರೆ ಸಣ್ಣವರ ಹೆಸರಿನಲ್ಲಿ ಉಳಿಸಿಕೊಂಡ ನೆರವು ಸಣ್ಣವರಿಗೇ ತಲುಪುತ್ತಿದೆಯೇ ಎಂದು ನಾವು ನಮ್ಮ ಮನೆಯೊಳಗೆ ಕೇಳಿಕೊಳ್ಳಬೇಕು.

ನಮ್ಮ ಕೈಯಲ್ಲಿರುವುದು

2015ರಲ್ಲಿ ಪ್ರಕಟವಾದ ತಮ್ಮ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಕಡಿವಾಣವಿಲ್ಲದ ಮೀನುಗಾರಿಕೆಯಿಂದ ಬರಿದಾಗುತ್ತಿರುವ ಕಡಲುಗಳ ಬಗ್ಗೆ ಎಚ್ಚರಿಸಿದ್ದರು. ಸೃಷ್ಟಿಯ ಸಂಪತ್ತು ಎಲ್ಲರಿಗೂ ಸೇರಿದ್ದು ಎಂಬುದು ಧರ್ಮಸಭೆಯ ಹಳೆಯ ಬೋಧನೆ. ಎಲ್ಲರಿಗೂ ಎಂದಾಗ ಇನ್ನೂ ಹುಟ್ಟದ ಮಕ್ಕಳೂ ಅದರಲ್ಲಿ ಸೇರುತ್ತಾರೆ.

ಕರಾವಳಿಯ ಕುಟುಂಬಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಅಂಗೈಯಗಲವೂ ಇಲ್ಲದ ಬಂಗುಡೆಯ ಮರಿ, ಬೆರಳುದ್ದದ ಬೂತಾಯಿಗಳನ್ನು ಅಗ್ಗವೆಂದು ಕೊಳ್ಳದಿರುವುದು ಒಂದು. ಕೊಳ್ಳುವವರಿಲ್ಲದ ಮರಿಯನ್ನು ಯಾರೂ ಹಿಡಿದು ತರುವುದಿಲ್ಲ. ಮನೆಬಾಗಿಲಿಗೆ ಬರುವ ಮೀನಿನ ಹೆಂಗಸಿನೊಡನೆ ಎರಡು ರೂಪಾಯಿಗೆ ಜಗ್ಗಾಡುವ ಮೊದಲು ಅವಳ ದಿನದ ದುಡಿಮೆಯನ್ನು ಎಣಿಸುವುದು ಇನ್ನೊಂದು. ಮಳೆಗಾಲದ ರಜೆಯ ತಿಂಗಳುಗಳಲ್ಲಿ ಬೋಟಿನ ಕೂಲಿಯಾಳುಗಳ ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತದೆಂದು ವಿಚಾರಿಸಿ, ಶಾಲೆಯ ಶುಲ್ಕಕ್ಕೋ ಔಷಧಕ್ಕೋ ನೆರವಾಗುವುದು ಧರ್ಮಕೇಂದ್ರದ ಸಂಘಗಳಿಗೆ ಕಷ್ಟವಾಗಲಾರದು. ಉಳಿತಾಯ ಗುಂಪುಗಳೂ ಸಹಕಾರ ಸಂಘಗಳೂ ಇರುವ ಕಡೆಗಳಲ್ಲಿ ಮರಿಯನಾಡಿನ ಕಂತಿನ ಲೆಕ್ಕವನ್ನೊಮ್ಮೆ ಓದಿ ನೋಡಬಹುದು. ಬೋಟು ಇರುವ ಕುಟುಂಬಗಳೂ ನಮ್ಮಲ್ಲಿವೆ. ಬಲೆಯ ಕಣ್ಣಿನ ಅಳತೆ, ರಜೆಯ ದಿನ, ದೀಪದ ನಿಷೇಧ ಇವುಗಳನ್ನು ಪಾಲಿಸುವುದು ದಂಡದ ಭಯದ ಮಾತಲ್ಲ, ನೆರೆಯವನ ಅನ್ನದ ಮಾತು ಎಂದು ಅವರು ತಿಳಿದರೆ ಸಾಕು.

ಮೀನುಗಾರಿಕೆಗೆ ಸಂಬಂಧಿಸಿದ ಯೋಜನೆ, ಬಂದರು, ರಸ್ತೆ ಯಾವುದೇ ಬಂದರೂ ಸಾರ್ವಜನಿಕ ಅಹವಾಲು ಸಭೆಗಳು ನಡೆಯುತ್ತವೆ. ಓದು ಬರಹ ಬಲ್ಲ ನಮ್ಮ ಯುವಕ ಯುವತಿಯರು ಆ ಕಾಗದಪತ್ರಗಳನ್ನು ಓದಿ, ಮೊಗವೀರರು, ಖಾರ್ವಿಗಳು, ಮುಸ್ಲಿಂ ಬಾಂಧವರು ಎಂಬ ಭೇದವೆಣಿಸದೆ ತೀರದವರಿಗೆಲ್ಲ ತಿಳಿಸಿಹೇಳುವುದು ಒಂದು ಸೇವೆ. ಹೆಸರಿನ ಹಂಗನ್ನು ಕಳಚಿದಾಗಲೇ ಕೇರಳದ ಆ ಸಂಘಟನೆ ಗಟ್ಟಿಯಾಯಿತು ಎಂಬುದನ್ನು ನೆನೆಯೋಣ.

ಕಡಲನ್ನು ಯಾರೂ ಉತ್ತು ಬಿತ್ತಿದ್ದಿಲ್ಲ. ಬಿತ್ತದೆ ಕೊಯ್ಯುವ ಈ ಬೆಳೆಯಲ್ಲಿ ಮನುಷ್ಯನಿಗಿರುವ ಕೆಲಸ ಎರಡೇ: ಮಿತವಾಗಿ ತೆಗೆಯುವುದು, ನ್ಯಾಯವಾಗಿ ಹಂಚುವುದು. ಈ ಎರಡನ್ನೂ ನೂರಾರು ವರ್ಷ ಮಾಡಿ ತೋರಿಸಿದವರನ್ನು ಕೇಳದೆ ಕಡಲಿನ ನಾಳೆಯನ್ನು ಯಾರೂ ಬರೆಯದಂತೆ ನೋಡಿಕೊಳ್ಳುವುದು ಮೀನು ತಿನ್ನುವ ನಮ್ಮೆಲ್ಲರ ಹೊಣೆ.